ಬೋರರ್ ಬಿದ್ದ ಮಾವಿನ ಮರ ಉಳಿಸಿಕೊಂಡಿದ್ದು

ಸೋಮವಾರಪೇಟೆ ಕಡೆ ಬೋರರ್, ಅಂದರೆ ಕಾಂಡ ಕೊರೆಯೋ ಹುಳು, ಬಿತ್ತು ಅಂದ್ರೆ ಒಂದೇ ಮದ್ದು, ಗಿಡ ಕಿತ್ತು ಸುಡೋದು. ಅರೇಬಿಕಾ ಕಾಫಿಗೆ ಅದು ಸರಿ. ನಮ್ಮ ಹಿತ್ತಲಿನ ಕಾಡುಮಾವಿನ ಬುಡದಲ್ಲಿ ಮರದ ಪುಡಿ ಉದುರಿದ್ದು ನೋಡಿ ಪಕ್ಕದ ತೋಟದವರು "ಕಡಿದುಬಿಡಿ ಅಣ್ಣ, ಕಾಫಿಗೂ ಹತ್ತುತ್ತೆ" ಅಂದರು. ನಾನು ಒಪ್ಪಲಿಲ್ಲ. ಕಾಫಿಯ ಬಿಳಿ ಕಾಂಡಕೊರಕವೇ ಬೇರೆ, ಮಾವಿನದ್ದೇ ಬೇರೆ. ಇದರ ದುಂಬಿ ದೊಡ್ಡದು, ಬೂದು ಬಣ್ಣ, ಉದ್ದ ಮೀಸೆ, ರಾತ್ರಿ ಜಗಲಿಯ ದೀಪಕ್ಕೆ ಬಂದು ಬಡಿಯುತ್ತೆ. ದೊಡ್ಡ ಮರ ಇದನ್ನು ತಡೆದುಕೊಳ್ಳುತ್ತೆ, ನಾವು ಒಳಗಿನ ಹುಳು ತೆಗೆದುಕೊಟ್ಟರೆ.

ಎಲ್ಲ ತೂತಿನಲ್ಲೂ ಹುಳು ಇರಲ್ಲ. ಸಂಜೆ ಕಾಂಡವನ್ನೆಲ್ಲ ಪೊರಕೆಯಲ್ಲಿ ಗುಡಿಸಿಬಿಟ್ಟೆ. ಬೆಳಿಗ್ಗೆ ಎಲ್ಲಿ ಹಸಿ ಪುಡಿ ಬಂದಿದೆಯೋ ಅಲ್ಲೇ ಅದು ತಿನ್ನುತ್ತಿದೆ ಅಂತ ಲೆಕ್ಕ. ಅಲ್ಲಿ ಸಡಿಲವಾದ ತೊಗಟೆಯನ್ನು ಮಾತ್ರ ಉಳಿಯಿಂದ ಎಬ್ಬಿಸಿ, ಬೈಕಿನ ಹಳೇ ಕ್ಲಚ್ ವೈರಿನ ತುದಿ ಬಗ್ಗಿಸಿ ತೂರಿಸಿದೆ. ಸೈಕಲ್ ಕಡ್ಡಿ ನೆಟ್ಟಗೆ ಹೋಗಿ ನಿಂತುಬಿಡುತ್ತೆ, ಕ್ಲಚ್ ವೈರ್ ಸುರಂಗ ತಿರುಗಿದ ಕಡೆ ತಾನೂ ತಿರುಗುತ್ತೆ. ತುದಿ ಒದ್ದೆಯಾಗಿ ಬಂತು ಅಂದ್ರೆ ಹುಳಕ್ಕೆ ತಾಗಿದೆ. ಬೆರಳು ದಪ್ಪದ ಕೆನೆ ಬಣ್ಣದ ಹುಳು, ತಲೆ ಮಾತ್ರ ಕಂದು. ಕೋಳಿಗಳಿಗೆ ಹಬ್ಬ.

ಆಮೇಲೆ ಹತ್ತಿಯನ್ನು ಪೆಟ್ರೋಲಿನಲ್ಲಿ ಅದ್ದಿ ತೂತಿಗೆ ತುರುಕಿ, ಜಿಗುಟು ಮಣ್ಣು ಮೆತ್ತಿದೆ. ಹತ್ತಿರ ಬೀಡಿ ಸೇದಬೇಡಿ, ಅಷ್ಟೇ. ಹಳಬರು ಇದಕ್ಕೆ ಡೈಕ್ಲೋರ್ವಾಸ್ ಅನ್ನೋ ಕೀಟನಾಶಕ ಹೇಳ್ತಾರೆ, ಅದು 2020ರ ಡಿಸೆಂಬರ್ 31ರಿಂದ ನಿಷೇಧ ಆಗಿದೆ.

ಕಾಂಡಕ್ಕೆ ಬೋರ್ಡೋ ಮುಲಾಮು ಬಳಿದೆ. ಕರಿಮೆಣಸಿಗೆ ಅಂತ ಮೈಲುತುತ್ತ ಮನೆಯಲ್ಲೇ ಇರುತ್ತೆ ಅಲ್ವಾ. 100 ಗ್ರಾಂ ತುತ್ತ ಅರ್ಧ ಲೀಟರ್ ನೀರಿಗೆ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿಗೆ, ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಿನಲ್ಲಿ ಕರಗಿಸಿ ಸೇರಿಸೋದು, ಕಬ್ಬಿಣದ ಪಾತ್ರೆ ಬೇಡ. ಜೂನ್ ಮಳೆ ಹಿಡಿಯೋ ಮೊದಲೇ ಬಳಿದು ಒಣಗಲು ಬಿಡಬೇಕು, ಆಮೇಲೆ ನಮ್ಮೂರಲ್ಲಿ ಬಿಸಿಲು ಎಲ್ಲಿ ಸಿಗುತ್ತೆ.

ಒಣಗಿದ ಕೊಂಬೆ ಕಡಿದು ಸುಟ್ಟೆ. ಗೊಬ್ಬರವನ್ನು ಬುಡಕ್ಕೆ ಸುರಿಯದೆ ಕೊಂಬೆಗಳ ನೆರಳು ಮುಗಿಯೋ ಜಾಗದಲ್ಲಿ ಸುತ್ತ ಹಾಕಿದೆ. ಈಗ ಗಾಯದ ಎರಡೂ ಕಡೆಯಿಂದ ತೊಗಟೆ ಉಬ್ಬಿ ಕೂಡಿಕೊಳ್ಳುತ್ತಿದೆ. ಮೇಲಿನ ಒಂದು ಕೊಂಬೆ ಇನ್ನೂ ಸೊರಗಿದೆ, ಅದು ಚಿಗುರುವ ನಂಬಿಕೆ ನನಗಿಲ್ಲ, ಮಳೆ ಕಳೆದ ಮೇಲೆ ಕಡಿಸುತ್ತೇನೆ.