ಚಿತ್ರ ಬರೆಯುವ ಮೊದಲು ಗೋಡೆಯ ಕಷ್ಟಸುಖ ವಿಚಾರಿಸಿ

ನಾನು ಮೂಲತಃ ಬೋರ್ಡ್ ಬರೆಯುತ್ತಿದ್ದವನು. ‘ನಗರಸಭೆಯವರು ಬಣ್ಣದ ಖರ್ಚು ಕೊಡ್ತಾರಂತೆ, ನಮ್ಮ ಬೀದಿ ಗೋಡೆ ಚಂದ ಮಾಡಿಕೊಡಿ’ ಎಂದು ಬಡಾವಣೆಯವರು ಬಂದು ಕೇಳಿದಾಗ ಗೋಡೆಗೆ ಕೈ ಹಾಕಿದೆ. ಹತ್ತು ದಿನ ಏಣಿಯ ಮೇಲೆ ನಿಂತು ಒಬ್ಬ ಅಜ್ಜಿಯ ನಗುಮುಖ ಬರೆದೆ. ಬೀದಿಯವರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಅಜ್ಜಿಗೆ ಬಿಳಿ ಮೀಸೆ ಬಂದಿತ್ತು! ನೀರಿನ ಜೊತೆ ಗೋಡೆಯೊಳಗಿನ ಉಪ್ಪು ಹೊರಬಂದು ಸರಿಯಾಗಿ ಮೇಲ್ದುಟಿಯ ಮೇಲೆ ಕೂತಿತ್ತು. ಗೋಡೆಯ ಹಿಂದೆ ಮಳೆನೀರಿನ ಪೈಪು ಒಡೆದಿತ್ತು. ನಾನು ಮುಂಭಾಗ ಮಾತ್ರ ನೋಡಿ ಕೆಲಸ ಒಪ್ಪಿಕೊಂಡಿದ್ದೆ.

ಅಂದಿನಿಂದ ಮೊದಲ ದಿನ ನಾನು ಬ್ರಷ್ ಮುಟ್ಟುವುದಿಲ್ಲ. ಗೋಡೆಯ ಹಿಂದೆ ಹೋಗುತ್ತೇನೆ, ಮೇಲೆ ಹತ್ತುತ್ತೇನೆ, ಬುಡದ ಮಣ್ಣು ಕೆದಕಿ ನೋಡುತ್ತೇನೆ. ನೀವೂ ಹಾಗೇ ಮಾಡಿ. ಪೈಪು, ಚರಂಡಿ, ಬುಡಕ್ಕೆ ನೀರು ಬೀಳುವ ಹೂಕುಂಡ, ಯಾವುದನ್ನೂ ಬಿಡಬೇಡಿ. ಆಮೇಲೆ ಒಂದು ಮೊಳ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ಗೋಡೆಯೇ ನೀರು ಬಿಡುತ್ತಿದೆ ಎಂದರ್ಥ. ಹೊರಮೈ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯ ತೇವ, ಚಿಂತೆಯಿಲ್ಲ. ಬುಡದಲ್ಲಿ, ನಡುವೆ, ಮೇಲೆ ಹೀಗೆ ಮೂರು ಕಡೆ ಹಚ್ಚಿದರೆ ನೀರು ಎಲ್ಲಿಂದ ಏರುತ್ತಿದೆ ಎನ್ನುವುದೂ ತಿಳಿಯುತ್ತದೆ. ಒಳಗಿನ ನೀರು ನಿಲ್ಲಿಸುವ ದಾರಿ ಇಲ್ಲವೆಂದರೆ ಬೇರೆ ಗೋಡೆ ಹುಡುಕಿ. ‘ಒಳ್ಳೇ ಪ್ರೈಮರ್ ಹೊಡೆದರೆ ಸರಿಹೋಗುತ್ತೆ’ ಎನ್ನುವವರ ಮಾತು ಕೇಳಬೇಡಿ. ನಾನೂ ಒಂದು ಕಾಲದಲ್ಲಿ ಹಾಗೇ ಹೇಳುತ್ತಿದ್ದೆ.

ಈಗಾಗಲೇ ಉಪ್ಪು ಕಾಣುತ್ತಿದ್ದರೆ ಒಣ ಬ್ರಷ್‌ನಿಂದ ಉಜ್ಜಿ ಉದುರಿಸಿ. ನೀರು ಹಾಕಿ ತೊಳೆದಿರೋ, ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗಿ ಕೂರುತ್ತದೆ. ಹೊಸ ಸಿಮೆಂಟ್ ಗಾರೆಯಾದರೆ ಕನಿಷ್ಠ 28 ದಿನ ಬಿಡಿ. ಹಸಿ ಗಾರೆಯ ಕ್ಷಾರಕ್ಕೆ ಎಣ್ಣೆ ಬಣ್ಣ ಸಾಬೂನಿನಂತಾಗಿ ಕಳಚಿಬರುತ್ತದೆ. ಹೊರಗೋಡೆಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವೇ ಸರಿ.

ಬಿಸಿಲಿಗೆ ಎಲ್ಲ ಬಣ್ಣವೂ ಒಂದೇ ಸಮ ನಿಲ್ಲುವುದಿಲ್ಲ. ಅಗ್ಗದ ಕೆಂಪು, ಹಳದಿ ಮೊದಲು ಮಂಕಾಗುತ್ತವೆ. ಕಲಾವಿದರ ಬಣ್ಣದ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಒಂದು ಸಂಕೇತ ಇರುತ್ತದೆ. ಪಿಆರ್ 101, ಪಿವೈ 42 ಎಂದಿದ್ದರೆ ಅವು ಕಬ್ಬಿಣದ ಆಕ್ಸೈಡಿನ ಕೆಂಪು, ಹಳದಿ. ಕಾವಿಮಣ್ಣಿನ ಬಳಗದವು, ಬಿಸಿಲಿಗೆ ಜಗ್ಗುವುದಿಲ್ಲ. ನೀಲಿಗೆ ಪಿಬಿ 15 ನೋಡಿ.

ಇನ್ನು ಕಾಗದಪತ್ರ. ಗೋಡೆಯ ಯಜಮಾನರ ಒಪ್ಪಿಗೆ ಬರಹದಲ್ಲೇ ಇರಲಿ. ಚಿತ್ರ ಎಷ್ಟು ವರ್ಷ ಇರಬೇಕು, ಹಾಳಾದರೆ ಯಾರು ಸರಿಮಾಡಬೇಕು, ಗೋಡೆ ಕೆಡವುವ ಮೊದಲು ಯಾರಿಗೆ ತಿಳಿಸಬೇಕು, ಈ ಮೂರೂ ಅದರಲ್ಲಿ ಬರಲಿ. ನಗರಸಭೆಗೆ ಅರ್ಜಿ ಕೊಡುವಾಗ ನಿರ್ವಹಣೆಯ ಹಣವನ್ನೂ ಸೇರಿಸಿಯೇ ಕೇಳಿ, ಆಮೇಲೆ ಕೇಳಿದರೆ ಹುಟ್ಟುವುದಿಲ್ಲ. ಹಣ ಸಂಸ್ಕೃತಿ ಇಲಾಖೆಯಲ್ಲೇ ಇರಬೇಕೆಂದೇನೂ ಇಲ್ಲ. ಕಟ್ಟಡದ ಖರ್ಚಿನಲ್ಲಿ ಶೇಕಡ 1 ಭಾಗ ಕಲೆಗೆ ಎಂಬ ನಿಯಮವನ್ನು ಅಮೆರಿಕದ ಫಿಲಡೆಲ್ಫಿಯಾ 1959ರಲ್ಲೇ ತಂದಿತು, ಆಮೇಲೆ ಎಷ್ಟೋ ನಗರಗಳು ಅದೇ ದಾರಿ ಹಿಡಿದವು. ನಿಮ್ಮಲ್ಲೂ ಅಂಥದ್ದಿದ್ದರೆ ಅದು ಕಾಮಗಾರಿ ಕಡತದಲ್ಲಿ ಮಲಗಿರಬಹುದು.

ಅದೇ ಫಿಲಡೆಲ್ಫಿಯಾದಿಂದ ನಾನು ಇನ್ನೊಂದು ಕಲಿತೆ. 1984ರಲ್ಲಿ ಅಲ್ಲಿನ ನಗರಾಡಳಿತ ಗೋಡೆ ಗೀಚುವುದನ್ನು ತಡೆಯಲು ಒಂದು ಯೋಜನೆ ಶುರುಮಾಡಿ, ಜೇನ್ ಗೋಲ್ಡನ್ ಎಂಬ ಕಲಾವಿದೆಯನ್ನು ಕರೆಸಿತು. ಆಕೆ ಗೀಚುವ ಹುಡುಗರ ಕೈಗೇ ಬ್ರಷ್ ಕೊಟ್ಟರು. ಇಂದು ಆ ಊರಿನಲ್ಲಿ ಇಂಥ ಭಿತ್ತಿಚಿತ್ರಗಳು ಸಾವಿರಾರು. ಅವರು ಬಳಸುವ ಉಪಾಯ ಇದು: ಸುಮಾರು 5 ಅಡಿ ಚೌಕದ ತೆಳುವಾದ, ನೇಯದ ಪಾಲಿಯೆಸ್ಟರ್ ಬಟ್ಟೆಯ ತುಂಡುಗಳ ಮೇಲೆ ಗೆರೆ ಎಳೆದು, ಪ್ರತಿ ಜಾಗಕ್ಕೂ ಬಣ್ಣದ ನಂಬರು ಬರೆದಿಡುತ್ತಾರೆ. ಜನ ಮೇಜಿನ ಮುಂದೆ ಕೂತು ನಂಬರಿನ ಪ್ರಕಾರ ಬಣ್ಣ ತುಂಬುತ್ತಾರೆ. ಕೊನೆಗೆ ತುಂಡುಗಳನ್ನು ಅಕ್ರಿಲಿಕ್ ಜೆಲ್‌ನಿಂದ ಗೋಡೆಗೆ ಅಂಟಿಸುತ್ತಾರೆ.

ನಾನು ಇದನ್ನು ಮಾಡಿದಾಗ ಏಣಿ ಹತ್ತಲಾರದ ಹಿರಿಯರು, ಶಾಲೆ ಮುಗಿಸಿ ಬಂದ ಮಕ್ಕಳು ಎಲ್ಲರೂ ಒಂದೇ ಮೇಜಿಗೆ ಬಂದರು. ಒಬ್ಬ ಹುಡುಗ 14ನೇ ನಂಬರಿನ ಹಸಿರು ತನ್ನದೇ ಎಂದು ಬೇರೆಯವರಿಗೆ ಬ್ರಷ್ ಬಿಡಲಿಲ್ಲ. ಹಿಂದೆ ಆ ಗೋಡೆಯ ಮೇಲೆ ಹೆಸರು ಗೀಚುತ್ತಿದ್ದವನೂ ಅವನೇ. ಈಗ ಯಾರಾದರೂ ಗೋಡೆಗೆ ಸೈಕಲ್ ಒರಗಿಸಿದರೂ ಗದರಿಸುತ್ತಾನೆ.

ಗೋಡೆ ಮುಗಿದಿದ್ದಕ್ಕೆ ಜನ ಸೇರುತ್ತಾರೆಂದಿಲ್ಲ, ಕೂರಲು ಜಾಗ ಬೇಕು. ನ್ಯೂಯಾರ್ಕಿನಲ್ಲಿ ದೊಡ್ಡ ಕಟ್ಟಡಗಳ ಮುಂದಿನ ಬಯಲುಗಳಲ್ಲಿ ಕ್ಯಾಮೆರಾ ಇಟ್ಟು ಜನರನ್ನು ಗಮನಿಸಿದ ವಿಲಿಯಂ ವೈಟ್ ಹೇಳಿದ್ದು ಇಷ್ಟೇ: ಕೂರಲು ಎಲ್ಲಿ ಜಾಗವಿದೆಯೋ ಜನ ಅಲ್ಲಿ ಕೂರುತ್ತಾರೆ. ಕೇಳಲು ತಮಾಷೆ, ಆದರೆ 1975ರಲ್ಲಿ ಅಲ್ಲಿ ನಿಯಮವೇ ಬದಲಾಯಿತು. ಪ್ರತಿ 30 ಚದರ ಅಡಿ ಬಯಲಿಗೆ 1 ಅಡಿ ಉದ್ದದ ಆಸನ ಇರಬೇಕೆಂದಾಯಿತು. ನಿಮ್ಮ ಗೋಡೆಯ ಮುಂದೆ 300 ಚದರ ಅಡಿ ಜಾಗವಿದ್ದರೆ 10 ಅಡಿಯ ಕಟ್ಟೆ ಕಟ್ಟಿ. ಅತ್ತಿತ್ತ ಎಳೆದುಕೊಳ್ಳುವ ಕುರ್ಚಿ ಕೊಟ್ಟರೆ ಇನ್ನೂ ಒಳ್ಳೆಯದು. ಸಂಜೆ ಹಾಡೋ ನಾಟಕವೋ ಇಟ್ಟುಕೊಂಡರೆ ಗೋಡೆಯೇ ಹಿಂದಿನ ಪರದೆಯಾಗುತ್ತದೆ. ದೀಪ ಮಾತ್ರ ನೋಡುವವರ ಕಣ್ಣಿಗೆ ಹೊಡೆಯದಂತೆ ಪಕ್ಕದಿಂದ ಬರಲಿ.

ಉಳಿದ ಬಣ್ಣ ಚೆಲ್ಲಬೇಡಿ. ಗಾಳಿಯಾಡದ ಸಣ್ಣ ಡಬ್ಬಿಗಳಲ್ಲಿ ತುಂಬಿ, ಮುಚ್ಚಳದ ಮೇಲೆ ನಂಬರು, ತಾರೀಖು, ಚಿತ್ರದ ಯಾವ ಭಾಗಕ್ಕೆ ಎಂದು ಬರೆದು ಗೋಡೆಯ ಪಕ್ಕದ ಮನೆಯವರ ಬಳಿ ಇಡಿ. ನಮ್ಮ 14ನೇ ನಂಬರಿನ ಡಬ್ಬಿ ಮಾತ್ರ ಆ ಹುಡುಗನ ಮನೆಯಲ್ಲಿದೆ, ಕೊಡಲು ಒಪ್ಪಲಿಲ್ಲ.