ಮೀಟರಿನ ಮಿನುಗು ಎಣಿಸಿದ ಭಾನುವಾರ

ಡೊಂಬಿವಲಿಯ ನಮ್ಮ ಕಟ್ಟಡದ ಮೀಟರುಗಳೆಲ್ಲ ಕೆಳಗೆ, ಮೆಟ್ಟಿಲಿನ ಅಡಿಯ ಜಾಲರಿ ಬಾಗಿಲಿನ ಹಿಂದೆ ಇವೆ. ಕಾರ್ಖಾನೆಯೊಂದರಲ್ಲಿ ವಿದ್ಯುತ್ ನಿರ್ವಹಣೆಯ ಕೆಲಸ ಮಾಡುವ ನಾನು ದಿನವಿಡೀ ಮೋಟಾರುಗಳ ಕಿಲೋವ್ಯಾಟ್ ಬರೆದುಕೊಳ್ಳುವವನಾದರೂ, ಸ್ವಂತ ಮನೆಯಲ್ಲಿ ಯಾವುದಕ್ಕೆ ಎಷ್ಟು ಖರ್ಚಾಗುತ್ತದೆಂದು ಅಳೆದವನಲ್ಲ. ಬಿಲ್ಲು ಏರಿದಾಗಲೆಲ್ಲ ಗೀಸರಿನ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತಿದ್ದೆ. ಕಳೆದ ಚಳಿಗಾಲದ ಒಂದು ಭಾನುವಾರ ಅಳೆದೇ ಬಿಡೋಣವೆಂದು ಕೆಳಗಿಳಿದೆ.

ನಮ್ಮ ಮೀಟರಿನ ಮೇಲೆ, ಮಿನುಗುವ ಕೆಂಪು ದೀಪದ ಪಕ್ಕದಲ್ಲಿ, ಒಂದು ಯೂನಿಟ್ಟಿಗೆ 3200 ಮಿನುಗು ಎಂಬ ಅರ್ಥದ ಬರಹವಿದೆ. ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಅವರ್, ಅಂದರೆ 36 ಲಕ್ಷ ಜೂಲ್; ಹಾಗಾಗಿ ಒಂದೊಂದು ಮಿನುಗೂ 1125 ಜೂಲ್ ಶಕ್ತಿ ಖರ್ಚಾಯಿತೆಂದು ಹೇಳುತ್ತದೆ. ಈ 1125ನ್ನು ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ ಆ ಹೊತ್ತಿನ ಸಾಮರ್ಥ್ಯ ವ್ಯಾಟ್‌ಗಳಲ್ಲಿ ಸಿಗುತ್ತದೆ.

ಮೊದಲು ಉಳಿದ ಎಂಸಿಬಿಗಳನ್ನೆಲ್ಲ (ಮನೆಯ ಒಂದೊಂದು ಭಾಗದ ವಿದ್ಯುತ್ತನ್ನು ಕಡಿಯುವ ಸುರಕ್ಷತಾ ಸ್ವಿಚ್ಚುಗಳನ್ನು) ಇಳಿಸಿ ಗೀಸರನ್ನು ಮಾತ್ರ ಹಾಕಿಸಿದೆ. ಹತ್ತು ಮಿನುಗಿಗೆ 5.6 ಸೆಕೆಂಡು ಹಿಡಿಯಿತು. ಲೆಕ್ಕ ಹಾಕಿದರೆ 2009 ವ್ಯಾಟ್. ಗೀಸರಿನ ಮೇಲೆ ಬರೆದಿರುವುದೂ 2000 ವ್ಯಾಟ್ ಆದ್ದರಿಂದ ನನಗೆ ಬಹಳ ಸಂತೋಷವಾಯಿತು. ಆದರೆ ಮೇಲೆ ಹೋಗಿ ಮಲ್ಟಿಮೀಟರ್ ಹಿಡಿದು ನೋಡಿದಾಗ, ಗೀಸರ್ ಓಡುತ್ತಿರುವಾಗಲೇ ವೋಲ್ಟೇಜ್ 219 ಇತ್ತು. 230 ವೋಲ್ಟಿಗೆ 2000 ವ್ಯಾಟ್ ಎಳೆಯುವ ಕಾಯಿಲ್‌ನ ರೋಧ ಸುಮಾರು 26.5 ಓಮ್, ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ 219 ವೋಲ್ಟಿಗೆ ಬರಬೇಕಾದದ್ದು ಸುಮಾರು 1810 ವ್ಯಾಟ್ ಮಾತ್ರ. ತಪ್ಪು ನನ್ನ ಎಣಿಕೆಯಲ್ಲಿತ್ತು: ಮೊದಲ ಮಿನುಗಿಗೇ 'ಒಂದು' ಎಂದಿದ್ದರಿಂದ ಹತ್ತು ಮಿನುಗುಗಳ ನಡುವೆ ಒಂಬತ್ತೇ ಅಂತರಗಳು ಆಗಿದ್ದವು. 'ಸೊನ್ನೆ'ಯಿಂದ ಎಣಿಸಿದಾಗ 6.2 ಸೆಕೆಂಡು, 1815 ವ್ಯಾಟ್ ಬಂತು. ಬೇಕಾದ ಉತ್ತರವೇ ಬಂದಿದ್ದರಿಂದ ತಪ್ಪು ಲೆಕ್ಕವನ್ನು ನಾನು ಮರುಪರಿಶೀಲಿಸಿರಲಿಲ್ಲ.

ಅಲ್ಲೇ ನಿಂತು ನೋಡುತ್ತಿದ್ದ, ಕಾರವಾರದ ಕಡೆಯ ನೆರೆಮನೆಯ ಹಿರಿಯರು, "ಹಾಗಾದ್ರೆ ವೋಲ್ಟೇಜ್ ಕಡಿಮೆಯಿದ್ರೆ ಬಿಲ್ಲೂ ಕಡಿಮೆ ಬರ್ಬೇಕಲ್ಲ ಮಾರಾಯ್ರೆ?" ಎಂದರು. ಗೀಸರಿಗೆ ಅದು ಅನ್ವಯಿಸುವುದಿಲ್ಲ. 15 ಲೀಟರ್ ನೀರನ್ನು 27 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕೇ ಬೇಕು. ಸಾಮರ್ಥ್ಯ ಇಳಿದರೆ ಥರ್ಮೋಸ್ಟಾಟ್ ಹದಿನೈದು ನಿಮಿಷದ ಬದಲು ಹದಿನಾರು ನಿಮಿಷಕ್ಕೆ ಆಫ್ ಆಗುತ್ತದೆ, ಅಷ್ಟೆ.

ಇನ್ನು ಗೀಸರ್, ಫ್ರಿಜ್, ದೀಪ, ಫ್ಯಾನುಗಳನ್ನು ಆರಿಸಿ ಉಳಿದ ಎಂಸಿಬಿಗಳನ್ನು ಮೇಲೆತ್ತಿಸಿದೆ. ಮೀಟರ್ ಸುಮ್ಮನಿರುತ್ತದೆಂದು ಕಾದರೆ, 45 ಸೆಕೆಂಡಿಗೊಮ್ಮೆ ಕೆಂಪು ದೀಪ ಕಣ್ಣು ಹೊಡೆಯುತ್ತಿತ್ತು. 25 ವ್ಯಾಟ್! ಟಿವಿಯ ಹಿಂದೆ ಕೈಯಾಡಿಸಿದಾಗ, ರಿಮೋಟಿನಿಂದ ಆರಿಸಿಟ್ಟ ಸೆಟ್‌ಟಾಪ್ ಬಾಕ್ಸ್ ಆಗತಾನೇ ಇಳಿಸಿದ ಚಹಾದ ಲೋಟದ ಹಾಗೆ ಬೆಚ್ಚಗಿತ್ತು. 25 ವ್ಯಾಟ್ ಹಗಲಿರುಳು ಹರಿದರೆ ತಿಂಗಳಿಗೆ 18 ಯೂನಿಟ್. ದಿನಕ್ಕೊಮ್ಮೆ ಕಾಯುವ ಗೀಸರಿಗೆ 15 ಯೂನಿಟ್. ಇಷ್ಟು ವರ್ಷ ಬೈಸಿಕೊಂಡದ್ದು ಮಾತ್ರ ಗೀಸರು.

ಈಗ ರಾತ್ರಿ ಬಾಕ್ಸಿನ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸುತ್ತೇವೆ, ರೌಟರ್ ಒಂದೇ ಉಳಿಯುತ್ತದೆ. ಆಮೇಲೆ ಇಳಿದು ನೋಡಿದಾಗ ಮಿನುಗಿನ ಅಂತರ ಎರಡು ನಿಮಿಷ ದಾಟಿತ್ತು.