ಮಾರ್ಟಿನ್ ಹಕ್ಕಿಗೆ ಎತ್ತರದ ಮನೆ: ಕಂಬ ನೆಟ್ಟರೆ ಸಾಲದು, ಕಾವಲೂ ಬೇಕು

ಉತ್ತರ ಅಮೆರಿಕದ ವಲಸೆ ಹಕ್ಕಿ ಪರ್ಪಲ್ ಮಾರ್ಟಿನ್‌ಗೆಂದು ಏರಿಸಿದ ಮನೆಯಲ್ಲಿ ಗುಬ್ಬಚ್ಚಿ ಸಂಸಾರ ಹೂಡಿರುವುದನ್ನು ಟೆಕ್ಸಸ್‌ನ ಡಲ್ಲಾಸ್ ಕಡೆಯ ನಮ್ಮವರ ಹಿತ್ತಿಲುಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಕಂಬಕ್ಕೆ, ಮನೆಗೆ ನೂರಾರು ಡಾಲರ್ ಸುರಿದಿರುತ್ತಾರೆ, ಆಮೇಲೆ ತಲೆಯೆತ್ತಿ ನೋಡುವುದಿಲ್ಲ. ಈ ಹಕ್ಕಿಯ ವಿಷಯದಲ್ಲಿ ಹಾಗೆ ಮಾಡಬಾರದು. ರಾಕಿ ಪರ್ವತಗಳ ಪೂರ್ವಕ್ಕೆ ಮಾರ್ಟಿನ್‌ಗಳು ಮರದ ಪೊಟರೆಯನ್ನು ಮರೆತು, ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯರು ಇಟ್ಟ ಗೂಡುಗಳನ್ನೇ ನೆಚ್ಚಿಕೊಂಡಿವೆ. ನಾವು ಕೈಬಿಟ್ಟರೆ ಅವಕ್ಕೆ ಬೇರೆ ಮನೆಯಿಲ್ಲ.

ಮೊದಲು ಜಾಗ. ನಿಮ್ಮ ಮನೆಯಿಂದ 30ರಿಂದ 120 ಅಡಿಯೊಳಗೆ, ಸುತ್ತ 40 ಅಡಿಯಲ್ಲಾದರೂ ಎತ್ತರದ ಮರವಿಲ್ಲದ ಬಯಲು ಬೇಕು. ಜನರ ಓಡಾಟದ ಹತ್ತಿರ ಇರುವುದೇ ಈ ಹಕ್ಕಿಗೆ ಇಷ್ಟ. ಮೂಲೆಯ ಓಕ್ ಮರದಡಿ ಮರೆಯಾಗಿ ನೆಟ್ಟರೆ ಬರುವುದಿಲ್ಲ.

ಕಂಬ 12ರಿಂದ 15 ಅಡಿ ಇರಲಿ. ಬುಡಕ್ಕೆ ಕಾಂಕ್ರೀಟ್ ಹಾಕಿ. ರಾಟೆ ಅಥವಾ ವಿಂಚ್ ಇರುವ ಕಂಬವನ್ನೇ ಕೊಳ್ಳಿ. ಇಳಿಸಲಾಗದ ಮನೆ ಎಷ್ಟೇ ಅಗ್ಗವಾಗಿರಲಿ, ಬೇಡ. ಹಾವು, ರಕೂನ್ ಹತ್ತದಂತೆ ಕಂಬದ ನಡುವೆ ತಗಡಿನ ಕೊಳವೆ ತೊಡಿಸಿ. ಇದನ್ನು ಮುಂದಿನ ವರ್ಷಕ್ಕೆಂದು ಮುಂದೂಡುವವರೇ ಹೆಚ್ಚು, ಒಂದೇ ರಾತ್ರಿಯಲ್ಲಿ ಎಲ್ಲ ಗೂಡೂ ಬರಿದಾಗಬಹುದು.

ಗೂಡು ಯಾವುದು? ನನ್ನ ಆಯ್ಕೆ ಸೋರೆಬುರುಡೆ. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ, ಚಿಕಸಾ ಜನ ಒಣಗಿದ ಬುರುಡೆಗಳನ್ನು ಕೊರೆದು ಈ ಹಕ್ಕಿಗಾಗಿ ತೂಗುಹಾಕುತ್ತಿದ್ದರು. ಈಗ ಪ್ಲಾಸ್ಟಿಕ್ಕಿನವೂ ಸಿಗುತ್ತವೆ. ಬಿಸಿಲು ತಡೆಯಲು ಬಿಳಿಯದೇ ಆಗಲಿ. ಅಂಗಡಿಯ ಅಲ್ಯೂಮಿನಿಯಂ ಮನೆಗಳಲ್ಲಿ ಎಷ್ಟೋ ಕೋಣೆಗಳು ಆರಿಂಚು ಚೌಕದವು. ಗೂಬೆ ಕಾಲು ಚಾಚಿದರೆ ಮರಿ ಸಿಕ್ಕಿಬಿಡುತ್ತದೆ. ಹನ್ನೆರಡು ಇಂಚು ಆಳವಿರುವುದನ್ನು ಕೇಳಿ ತನ್ನಿ. ‘ಸೊಳ್ಳೆ ತಿಂದು ಮುಗಿಸುತ್ತದೆ’ ಎಂದು ಡಬ್ಬದ ಮೇಲೆ ಬರೆದಿದ್ದರೆ ನಂಬಬೇಡಿ. ಮಾರ್ಟಿನ್ ಹಗಲಲ್ಲಿ, ಬಲು ಎತ್ತರದಲ್ಲಿ ಏರೋಪ್ಲೇನ್ ಚಿಟ್ಟೆ, ಜೀರುಂಡೆ ಹಿಡಿಯುತ್ತದೆ. ಸೊಳ್ಳೆ ಅದಕ್ಕೆ ಸಿಗುವುದೇ ಅಪರೂಪ.

ಇನ್ನು ಎಲ್ಲರೂ ಎಡವುವ ಹಂತ. ಉತ್ತರ ಅಮೆರಿಕದಲ್ಲಿ ಮಾರ್ಟಿನ್ ಗೂಡು ಕಸಿಯುವ ಹಕ್ಕಿಗಳು ಮುಖ್ಯವಾಗಿ ಎರಡು: ಯುರೋಪಿನ ಸ್ಟಾರ್ಲಿಂಗ್ ಮತ್ತು ಊರಿನಲ್ಲಿ ನಾವು ಅಕ್ಕಿ ಹಾಕಿ ಕರೆಯುವ ಅದೇ ಗುಬ್ಬಚ್ಚಿ. ಎರಡನ್ನೂ 19ನೇ ಶತಮಾನದಲ್ಲಿ ಜನರೇ ತಂದು ಬಿಟ್ಟರು. ಸ್ಟಾರ್ಲಿಂಗ್‌ಗೆ ಉಪಾಯ ಸುಲಭ. ದುಂಡು ಬಾಗಿಲಿನ ಬದಲು ಒಂದೂಕಾಲು ಇಂಚಿಗಿಂತ ತುಸು ಕಡಿಮೆ ಎತ್ತರದ ಅರ್ಧಚಂದ್ರ ಬಾಗಿಲು ಹಾಕಿದರೆ ಅದು ನುಗ್ಗಲಾರದು. ಗುಬ್ಬಚ್ಚಿ ಮಾತ್ರ ಎಲ್ಲಿ ಬೇಕಾದರೂ ನುಗ್ಗುತ್ತದೆ. ಮಾರ್ಟಿನ್ ಮೊಟ್ಟೆಗಳನ್ನು ಕುಕ್ಕಿ ಒಡೆದು, ಮರಿಗಳನ್ನು ಹೊರಕ್ಕೆ ಎಸೆಯುತ್ತದೆ.

ಹಾಗಾಗಿ ಬಾಗಿಲನ್ನು ಬೇಗ ತೆರೆಯಬೇಡಿ. ಹಿರಿಯ ಹಕ್ಕಿಗಳು ಟೆಕ್ಸಸ್‌ಗೆ ಜನವರಿ ಕೊನೆ, ಫೆಬ್ರವರಿಯಲ್ಲಿ ಬರುತ್ತವೆ, ಆದರೆ ಅವು ಹಳೆಯ ಮನೆಗೇ ಹೋಗುತ್ತವೆ. ಹೊಸ ಮನೆಗೆ ಬರುವುದು ಬಹುಪಾಲು ಕಳೆದ ವರ್ಷ ಹುಟ್ಟಿದವು, ಅದೂ ಕೆಲವು ವಾರ ತಡವಾಗಿ. ಅಲ್ಲಿಯವರೆಗೆ ಬಿರಡೆ ಹಾಕಿಡಿ. ಹಿತ್ತಿಲಲ್ಲಿ ಅನ್ನ, ಬ್ರೆಡ್ಡು, ಅಗ್ಗದ ಕಾಳಿನ ಮಿಶ್ರಣ ಚೆಲ್ಲುವುದನ್ನು ಇಂದೇ ನಿಲ್ಲಿಸಿ.

ಬಾಗಿಲು ತೆರೆದ ಮೇಲೆ ವಾರಕ್ಕೊಮ್ಮೆ ಮನೆ ಇಳಿಸಿ ಪ್ರತಿ ಕೋಣೆಯನ್ನೂ ನೋಡಿ. ಹುಲ್ಲು, ಪುಕ್ಕ, ಕಾಗದದ ಚೂರು ಛಾವಣಿಯವರೆಗೆ ತುಂಬಿ, ಕಂದು ಚುಕ್ಕೆಯ ಮೊಟ್ಟೆಯಿದ್ದರೆ ಅದು ಗುಬ್ಬಿಯದು. ಚಪ್ಪಟೆ ಹಾಸು, ಬಾಗಿಲ ಬಳಿ ಕೆಸರಿನ ಕಟ್ಟೆ, ಮೇಲೆ ಹಸಿರೆಲೆ, ಅಚ್ಚ ಬಿಳಿಯ ನಾಲ್ಕೈದು ಮೊಟ್ಟೆ ಇದ್ದರೆ ಮಾರ್ಟಿನ್. ಗುಬ್ಬಿಗೂಡು ತೆಗೆಯಲು ಅಮೆರಿಕದ ಫೆಡರಲ್ ಕಾನೂನು ಅಡ್ಡಿಯಿಲ್ಲ, ಆದರೆ ಮಾರ್ಟಿನ್, ಬ್ಲೂಬರ್ಡ್ ಮುಂತಾದ ನಾಡಹಕ್ಕಿಗಳನ್ನು 1918ರ ವಲಸೆ ಹಕ್ಕಿ ಕಾಯ್ದೆ ಕಾಪಾಡುತ್ತದೆ. ಗುರುತು ಖಚಿತವಾಗದೆ ಕೈಹಾಕಬೇಡಿ. ಗೂಡನ್ನಷ್ಟೇ ಕಿತ್ತರೆ ಗಂಡುಗುಬ್ಬಿ ಸಿಟ್ಟಿಗೆದ್ದು ಪಕ್ಕದ ಕೋಣೆಯ ಮೇಲೆ ಬೀಳುವುದುಂಟು. ಗೂಡಿನೊಳಗೆ ಇಡುವ ಬೋನಿನಿಂದ ಆ ಗಂಡನ್ನೇ ಮೊದಲು ಹಿಡಿಯುವುದು ನಿಜವಾದ ಪರಿಹಾರ. ಗುಬ್ಬಿಯ ಮೇಲಿನ ಅಕ್ಕರೆಯಿಂದ ಇದನ್ನು ಮಾಡಲಾಗದವರು ಕಂಬ ನೆಡದಿರುವುದೇ ಒಳ್ಳೆಯದು.

ನೀವು ಇಣುಕಿದರೆ ತಾಯಿಹಕ್ಕಿ ಗೂಡು ಬಿಟ್ಟುಹೋಗುವುದಿಲ್ಲ. ಹದಿನೈದು ಹದಿನಾರು ದಿನ ಕಾವು, ಸುಮಾರು ನಾಲ್ಕು ವಾರಕ್ಕೆ ಮರಿಗಳು ಹಾರುತ್ತವೆ. ನಡುವೆ ಹುಳ, ಉಣ್ಣಿ ಕಂಡರೆ ಹಾಸು ಬದಲಿಸಿ ಒಣ ಪೈನ್ ಎಲೆ ಹರಡಿ. ಮರಿಗಳಿಗೆ 22 ದಿನ ದಾಟಿದ ಮೇಲೆ ಮಾತ್ರ ಮನೆ ಇಳಿಸಬೇಡಿ. ಬೆದರಿ, ರೆಕ್ಕೆ ಬಲಿಯುವ ಮೊದಲೇ ಹೊರಕ್ಕೆ ಹಾರಿಬಿಡುತ್ತವೆ.

ಬೇಸಿಗೆ ಮುಗಿಯುತ್ತಲೇ ಅವು ಬ್ರೆಜಿಲ್ ಕಡೆ ಹೊರಡುತ್ತವೆ. ಆಗ ಗೂಡುಗಳನ್ನು ಖಾಲಿ ಮಾಡಿ, ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ತೊಳೆದು, ಒಣಗಿಸಿ ಗ್ಯಾರೇಜಿನಲ್ಲಿಡಿ. ಹೊರಗೇ ಬಿಡಬೇಕಾದರೆ ಬಿರಡೆ ಹಾಕಿ. ಇಲ್ಲವಾದರೆ ಚಳಿಗಾಲ ಕಳೆಯುವಷ್ಟರಲ್ಲಿ ಗುಬ್ಬಿ ಅಲ್ಲಿ ಬೀಡುಬಿಟ್ಟಿರುತ್ತದೆ.